ಅಬರ್‌ಡಾರನ್ನಿನ ಹೊಸ್ತಿಲು

ವೇಲ್ಸಿನ ವಾಯವ್ಯದಲ್ಲಿ ಐರಿಶ್ ಸಮುದ್ರದೊಳಕ್ಕೆ ತೋಳಿನಂತೆ ಚಾಚಿಕೊಂಡಿರುವ ಲ್ಲೀನ್ ಪರ್ಯಾಯದ್ವೀಪದ ಕೊನೆಗೆ ಅಬರ್‌ಡಾರನ್ ಎಂಬ ಪುಟ್ಟ ಪ್ಯಾರಿಷ್ ಇದೆ. ಒಂದು ಇಗರ್ಜಿ, ಅದಕ್ಕೆ ಸೇರಿದ ಹಳ್ಳಿ, ಹೊಲಗದ್ದೆ, ಸಾವಿರದ ಆಸುಪಾಸಿನ ಜನ. ಇದನ್ನು ಲೋಕದ ತುದಿಯೆಂದು ವರ್ಣಿಸುವುದು ವಾಡಿಕೆ. ನನಗೆ ಆ ವರ್ಣನೆ ಒಪ್ಪಿಗೆಯಿಲ್ಲ. ಅದು ತುದಿಯಾಗಿ ಕಾಣುವುದು ಲಂಡನ್ನಿನಿಂದ ಹೊರಟವರಿಗೆ ಮಾತ್ರ.

ಮಧ್ಯಯುಗದ ಯಾತ್ರಿಕರಿಗೆ ಅದು ಹೊಸ್ತಿಲಾಗಿತ್ತು. ಸೆಳೆತ ಬಲವಾದ ಕಡಲಿನಾಚೆ ಇರುವುದು ಎನ್ಲಿ ದ್ವೀಪ, ಇಂಗ್ಲಿಷರ ಬಾಯಲ್ಲಿ ಬಾರ್ಡ್ಸಿ. ಅಲ್ಲಿ 20,000 ಸಂತರ ಸಮಾಧಿಗಳಿವೆಯೆಂದು ಐತಿಹ್ಯ. ಅಲ್ಲಿಗೆ ಮೂರು ಸಲ ಹೋದರೆ ರೋಮಿಗೆ ಒಮ್ಮೆ ಹೋದ ಪುಣ್ಯವೆಂದು ನಂಬಿಕೆ. ಗಾಳಿ ಇಳಿಯಲೆಂದು ಕಾಯುವ ಯಾತ್ರಿಕರು ತಂಗುತ್ತಿದ್ದುದು ಈ ಊರಿನಲ್ಲಿ. ಸಂತ ಹವಿನ್ನನ ಇಗರ್ಜಿ ಕಡಲದಂಡೆಗೆ ಅಂಟಿಕೊಂಡಂತೆ ನಿಂತಿದೆ. 1115ರಲ್ಲಿ ರಾಜಕುಮಾರ ಗ್ರಿಫಿದ್ ಆಪ್ ರೀಸ್ ಶತ್ರುಗಳಿಂದ ತಪ್ಪಿಸಿಕೊಂಡು ಅಲ್ಲಿ ಆಶ್ರಯ ಪಡೆದ. ಪಾದ್ರಿಗಳು ಅವನನ್ನು ಬಿಟ್ಟುಕೊಡಲಿಲ್ಲ. 1841ರಲ್ಲಿ ಹೊಸ ಇಗರ್ಜಿ ಕಟ್ಟಿ ಹಳೆಯದನ್ನು ತೊರೆದರು. ಆದರೆ ಅದನ್ನೇ ಸರಿಪಡಿಸಿ 1906ರಲ್ಲಿ ಮರಳಿ ಬಂದರು. ಕಡಲಿನ ಭಯಕ್ಕಿಂತ ಹಳೆಯ ನಂಟು ದೊಡ್ಡದಾಗಿತ್ತೆಂದು ನನ್ನ ಊಹೆ.

ಈ ಸೀಮೆಯ ಬಡಗಿಯ ಮಗ ಡಿಕ್ ಅಬರ್‌ಡಾರನ್ (1780–1843) ಶಾಲೆಯ ನೆರವಿಲ್ಲದೆ ಹತ್ತಾರು ಭಾಷೆ ಕಲಿತು, ಪುಸ್ತಕಗಳನ್ನು ಮೈಮೇಲೆ ಹೊತ್ತು ಅಲೆದು, ವೆಲ್ಷ್–ಗ್ರೀಕ್–ಹೀಬ್ರೂ ನಿಘಂಟೊಂದನ್ನು ರಚಿಸಿದ. ಅವನನ್ನು ವಿಚಿತ್ರ ಪ್ರಾಣಿಯಂತೆ ನೆನೆಯುತ್ತಾರೆ. ಆ ನಿಘಂಟಿನಲ್ಲಿ ಅವನ ತಾಯ್ನುಡಿ ಶಾಸ್ತ್ರಭಾಷೆಗಳ ಪಕ್ಕ ಸಮನಾಗಿ ಕುಳಿತಿತ್ತೆಂಬುದನ್ನು ಗಮನಿಸುವವರು ಕಡಮೆ.

ಇಂದು ಆ ಊರಿಗೆ ಹೊರಗಿನ ಕೀರ್ತಿ ಬಂದಿರುವುದು 1967ರಿಂದ 1978ರವರೆಗೆ ಅಲ್ಲಿ ಪಾದ್ರಿಯಾಗಿದ್ದ ಕವಿ ಆರ್. ಎಸ್. ಥಾಮಸ್‌ರಿಂದ. ಕಾರ್ಡಿಫ್‌ನಲ್ಲಿ ಹುಟ್ಟಿದ ಅವರ ಮನೆಮಾತು ಇಂಗ್ಲಿಷ್. ವೆಲ್ಷ್ ಕಲಿತದ್ದು ಮೂವತ್ತರ ಸುಮಾರಿಗೆ. ಜನರ ಮಾತು ಬಾರದೆ ಅವರ ಪಾದ್ರಿಯಾಗುವುದು ಅವರಿಗೆ ಸಲ್ಲದ ಕೆಲಸವಾಗಿ ಕಂಡಿತು. ಆದರೂ ಕವಿತೆ ಇಂಗ್ಲಿಷಿನಲ್ಲೇ ಬಂತು. ಕಲಿತ ಭಾಷೆ ಆ ಆಳಕ್ಕೆ ಇಳಿಯಲಿಲ್ಲ. ಈ ಕೊರಗು ಅವರನ್ನು ಕಡೆಯತನಕ ಬಿಡಲಿಲ್ಲ. 1985ರಲ್ಲಿ ಬಂದ ಆತ್ಮಕಥೆಯನ್ನು ಮಾತ್ರ ವೆಲ್ಷಿನಲ್ಲಿ, ತಮ್ಮನ್ನು ‘ಅವನು’ ಎಂದು ಕರೆದುಕೊಂಡು ಬರೆದರು. ಅದರ ಹೆಸರು ‘ನೆಬ್’, ಅಂದರೆ ‘ಯಾರೂ ಅಲ್ಲ’. ಪ್ರವಾಸಿಗಳು ಇಂಗ್ಲಿಷ್ ಕವಿಯ ಊರನ್ನು ನೋಡಲು ಬಂದು ಈ ಪುಸ್ತಕವನ್ನು ಓದದೆ ಹೋಗುವುದು ಒಂದು ವ್ಯಂಗ್ಯ.

ರಜೆ ಕಳೆಯಲು ಹೊರಗಿನವರು ಮನೆಗಳನ್ನು ಕೊಂಡು ಬೆಲೆ ಏರಿಸುವುದು ಇಡೀ ಸೀಮೆಯ ಸಂಕಟ. ಗ್ವಿನೆದ್ ಕೌನ್ಸಿಲ್ 2023ರ ಏಪ್ರಿಲ್‌ನಿಂದ ಇಂಥ ಎರಡನೆಯ ಮನೆಗಳಿಗೆ ಶೇ. 150ರಷ್ಟು ಹೆಚ್ಚುವರಿ ತೆರಿಗೆ ಹಾಕಿತು. ಪ್ರವಾಸಿಗಳಿಲ್ಲದೆ ಅಂಗಡಿ, ಹೋಟೆಲುಗಳು ನಡೆಯವೆಂಬ ಮಾತೂ ಸುಳ್ಳಲ್ಲ. ಆದರೂ ನಾನು ತೆರಿಗೆಯ ಪರ. ಊರಿನ ಮಕ್ಕಳಿಗೆ ಮನೆ ಸಿಗದಿದ್ದರೆ ಇಗರ್ಜಿ ಉಳಿದೀತು. ಅದರ ಕಥೆಯನ್ನು ವೆಲ್ಷಿನಲ್ಲಿ ಹೇಳುವವರು ಉಳಿಯುವುದಿಲ್ಲ.

ಇಗರ್ಜಿಯೊಳಗೆ ಸುಮಾರು 1,500 ವರ್ಷ ಹಳೆಯ ಎರಡು ಲ್ಯಾಟಿನ್ ಶಿಲಾಶಾಸನಗಳಿವೆ. ಸೆನಾಕಸ್ ಎಂಬ ಪಾದ್ರಿ ಸೋದರರ ಸಮೂಹದೊಡನೆ ಮಲಗಿದ್ದಾನೆಂದು ಒಂದು ಹೇಳುತ್ತದೆ. ಆ ಸಮೂಹದಲ್ಲಿ ಎಷ್ಟು ಜನ ಹೊರಗಿನಿಂದ ಬಂದವರೋ! ಹೊರಗಿನಿಂದ ಬರುವುದು ತಪ್ಪೆಂದು ಹೊರನಾಡ ಕನ್ನಡಿಗನಾದ ನಾನು ಹೇಳಲಾರೆ. ಆದರೆ ಥಾಮಸ್ ಮೂವತ್ತರಲ್ಲಿ ಕೈಗೆತ್ತಿಕೊಂಡ ವ್ಯಾಕರಣ ಪುಸ್ತಕದ ಮುಂದೆ, ಮುಂಬಯಿಯಲ್ಲಿ ಇಷ್ಟು ಕಾಲವಿದ್ದೂ ಮರಾಠಿಯಲ್ಲಿ ಒಂದು ಕಾಗದವನ್ನು ನೆಟ್ಟಗೆ ಬರೆಯಲಾರದ ನನಗೆ ನಾಚಿಕೆಯಾಗುತ್ತದೆ.