ಕಾಡಿನ ಲೆಕ್ಕದಲ್ಲಿ ಕಪ್ಪೆಗೆ ಸ್ಥಾನವಿಲ್ಲವೆ?

ಸಂಪಾದಕರಿಗೆ,



ಎರಡು ವರ್ಷಗಳಿಗೊಮ್ಮೆ ಹೊರಬರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವರದಿಯನ್ನು ಮುಂದಿಟ್ಟುಕೊಂಡು, ಮಲೆನಾಡಿನಲ್ಲಿ ಹಸುರು ಕುಂದಿಲ್ಲವೆಂದೂ, ಆದುದರಿಂದ ನಮ್ಮಂಥವರ ಕಳವಳಕ್ಕೆ ಆಧಾರವೇ ಇಲ್ಲವೆಂದೂ ವಾದಿಸುವವರನ್ನು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮೇಲಿಂದ ಮೇಲೆ ಕಾಣುತ್ತಿದ್ದೇನೆ. ಈ ವಾದವನ್ನು ನಾನು ಒಪ್ಪಲಾರೆ. ಒಂದು ಹೆಕ್ಟೇರಿಗೆ ಕಡಮೆಯಲ್ಲದ ನೆಲದಲ್ಲಿ ಮರಗಳ ನೆರಳಿನ ಹರವು ನೂರಕ್ಕೆ 10ನ್ನು ಮೀರಿತೆಂದರೆ, ಮರ ಯಾವ ಜಾತಿಯದು, ನೆಲ ಯಾರದು ಎಂಬುದನ್ನು ವಿಚಾರಿಸದೆ ಅದನ್ನು ಅರಣ್ಯವೆಂದೇ ಗಣಿಸುವುದು ಆ ವರದಿಯ ಪದ್ಧತಿ. ಹೀಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪುರಾತನ ಕಾನುಗಳೂ, ಅವುಗಳ ಪಕ್ಕದ ಗುಡ್ಡದ ಮೇಲೆ ಸಾಲುಹಿಡಿದು ನಿಂತ ಅಕೇಶಿಯಾ ನೆಡುತೋಪುಗಳೂ ನಕ್ಷೆಯಲ್ಲಿ ಒಂದೇ ವರ್ಣವನ್ನು ತಳೆಯುತ್ತವೆ. ಆಕಾಶದಿಂದ ನೋಡುವ ಯಂತ್ರಕ್ಕೆ ತಿಳಿಯದ ಈ ಭೇದವನ್ನು ಹೆಬ್ಬೆರಳಿನ ತುದಿಯಷ್ಟಿರುವ ಕಪ್ಪೆ ಬಲ್ಲುದು.

ಕಾನೆಂಬುದು ನಮ್ಮ ಸೀಮೆಯಲ್ಲಿ ಬರಿಯ ಮರಗಳ ಗುಂಪಿಗೆ ಇಟ್ಟ ಹೆಸರಲ್ಲ. ಮೆಣಸಿನ ಬಳ್ಳಿಗೂ ಬೈನೆಗೂ ಊರ ದೈವಕ್ಕೂ ಏಕತ್ರ ಆಶ್ರಯವಿತ್ತು, ಕೆಳಗಿನ ಗದ್ದೆ ತೋಟಗಳಿಗೆ ಒರತೆ ಬತ್ತದಂತೆ ಕಾಯ್ದು, ಊರವರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ನಿತ್ಯಹರಿದ್ವರ್ಣದ ವನ ಅದು. ನೆರೆಯ ಸೊರಬ ತಾಲ್ಲೂಕೊಂದರಲ್ಲಿಯೇ ಇಂಥ 171 ಕಾನುಗಳನ್ನು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಷ್ಟು ಹಿಂದೆಯೇ ದಾಖಲಿಸಿದ್ದರು. ಇಂಥ ಕಾನಿನ ನೆಲದಲ್ಲಿ ತರಗೆಲೆ ಕೊಳೆತು, ಅದರಡಿಯ ಮಣ್ಣು ಬೇಸಗೆಯಲ್ಲಿಯೂ ಕೈಗೆ ತಣ್ಣಗೆ ಹತ್ತುತ್ತದೆ.

ಆ ತೇವದ ಮೇಲೆಯೇ ಕಪ್ಪೆಯ ಜೀವನ ನಿಂತಿದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನು ಚರ್ಮದಿಂದಲೇ ಹೀರುತ್ತದೆ. ಗಾಳಿಯ ತೇವ ಆರಿತೆಂದರೆ ಅದರ ಪ್ರಾಣಕ್ಕೇ ಸಂಚಕಾರ. ಶಾಲೆಯಲ್ಲಿ ಮಕ್ಕಳು ಕಲಿಯುವಂತೆ ಎಲ್ಲ ಕಪ್ಪೆಗಳೂ ಕೆರೆಯಲ್ಲಿ ಮೊಟ್ಟೆಯಿಟ್ಟು ಗೊದಮೊಟ್ಟೆಯಾಗಿ ಬೆಳೆಯುವುವೆಂದು ತಿಳಿಯಲಾಗದು. ನಮ್ಮ ಪೊದೆಗಪ್ಪೆಗಳು ತರಗೆಲೆಯ ನಡುವೆಯೋ ಎಲೆಯ ಮೇಲೆಯೋ ಮೊಟ್ಟೆಯಿಡುತ್ತವೆ, ಅದರೊಳಗಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ. ಶರಾವತಿಯ ಜಲಾನಯನದಲ್ಲಿ ಕಂಡುಬಂದು, ಕಣ್ಣಿನ ನೀಲಿಯಿಂದಾಗಿ ‘ನೀಲನೇತ್ರ’ವೆಂಬ ಹೆಸರನ್ನು 2007ರಲ್ಲಿ ಪಡೆದ ಕಪ್ಪೆಯೂ ಈ ಕುಲದ್ದೇ. ಅದೇ ನದಿಯ ನೆರೆಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳಗಳಲ್ಲಿ, ಇನ್ನೊಂದು ಇರುಳುಗಪ್ಪೆಯುಂಟು: ನೀರಿನ ಮೇಲಣ ಕಡ್ಡಿಗೋ ಬಂಡೆಗೋ ಅಂಟಿದ ಮೊಟ್ಟೆಗಳಿಗೆ ಗಂಡು ತನ್ನ ಕೈಗಳಿಂದಲೇ ಕೆಸರನ್ನು ಬಳಿಯುತ್ತದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ‘ಕುಂಬಾರ’ ಎಂದೇ ಹೆಸರಿಟ್ಟರು. ಲೋಕದ ಶಾಸ್ತ್ರಗ್ರಂಥಗಳಲ್ಲಿ ನಮ್ಮ ನುಡಿಯ ಒಂದು ಶಬ್ದ ಹೀಗೆ ಸೇರಿದುದನ್ನು ಓದಿದಾಗ ನನಗಾದ ಸಂತೋಷ ಅಲ್ಪವಲ್ಲ.

ಅಕೇಶಿಯಾ ತೋಪಿನಲ್ಲಿ ಈ ಜೀವಿಗಳಿಗೆ ಏನುಂಟು? ಆಸ್ಟ್ರೇಲಿಯದಿಂದ ಬಂದ ಈ ಮರದ ಎಲೆಯೆಂದು ನಾವು ಕರೆಯುವುದು ವಸ್ತುತಃ ಎಲೆಯಲ್ಲ, ಎಲೆಯಂತೆ ಚಪ್ಪಟೆಯಾದ ತೊಟ್ಟು. ಚಕ್ಕಳದಂತೆ ಒರಟಾಗಿ, ಬೇಗನೆ ಕೊಳೆಯದೆ, ನೆಲದ ಮೇಲೆ ಒಣಹಾಸಾಗಿ ಬಿದ್ದಿರುತ್ತದೆ. ಅದರಡಿಯಲ್ಲಿ ಇತರ ಗಿಡಗಳು ಏಳುವುದು ಕಷ್ಟ. ಎದ್ದವೂ ಕೆಲವೇ ವರ್ಷಗಳಿಗೊಮ್ಮೆ ನಡೆಯುವ ಕಡಿತದಲ್ಲಿ ನಾಶವಾಗುತ್ತವೆ. ಬೋಳುಗುಡ್ಡದಲ್ಲಿ ಸೌದೆ ಕೊಟ್ಟು ಈ ಮರ ಬಡವರಿಗೆ ಉಪಕರಿಸಿದ್ದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಗುರುರಾಜ, ಸಮೀರ್ ಅಲಿ, ರಾಮಚಂದ್ರ ಇವರು ಶರಾವತಿಯ ಕೊಳ್ಳದಲ್ಲಿ ಅಭ್ಯಸಿಸಿ ಪ್ರಕಟಿಸಿದ ಸಂಗತಿ ಏನು? ನಿತ್ಯಹರಿದ್ವರ್ಣದ ಕಾಡೂ ಹಳ್ಳದ ಹರಿವೂ ಉಳಿದಿರುವೆಡೆಯಲ್ಲಿಯೇ ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಕಪ್ಪೆಗಳು ಹೆಚ್ಚಾಗಿ ನೆಲಸಿವೆ ಎಂಬುದು.

ಮಳೆಗಾಲದಲ್ಲಿ ಕಪ್ಪೆಗಳು ಈಗಲೂ ವಟಗುಟ್ಟುತ್ತಿಲ್ಲವೆ ಎಂದು ಕೆಲವರು ಕೇಳುತ್ತಾರೆ. ವಟಗುಟ್ಟುತ್ತಿವೆ, ನಿಜ. ಗದ್ದೆಯ ಗೋಂಕರುಗಪ್ಪೆ ಎಲ್ಲಿಯಾದರೂ ಬದುಕೀತು. ನಮ್ಮ ಮನೆಯ ಮೇಲ್ಬದಿಯ ಹಳ್ಳದ ಮೇಲೆ ಬಾಗಿದ ಕೊಂಬೆಗಳಲ್ಲಿ ಹಾರುಗಪ್ಪೆಗಳು ಕಟ್ಟುತ್ತಿದ್ದ ಬಿಳಿಯ ನೊರೆಗೂಡುಗಳನ್ನು ಬಾಲ್ಯದಲ್ಲಿ ನಾವು ಎಣಿಸುತ್ತಿದ್ದೆವು. ಹಳ್ಳದ ತಲೆಯ ಹಾಡಿ ಹೋಗಿ ತೋಪು ಬಂದ ಮೇಲೆ, ಮಾಘದವರೆಗೆ ಹರಿಯುತ್ತಿದ್ದ ನೀರು ದೀಪಾವಳಿಗೇ ನಿಲ್ಲುತ್ತದೆ. ಕಳೆದ ಮಳೆಗಾಲದಲ್ಲಿ ನಾನು ಹುಡುಕಿದೆ, ಒಂದು ಗೂಡೂ ದೊರೆಯಲಿಲ್ಲ. ಗದ್ದೆಯಲ್ಲಿ ಮಾತ್ರ ಅದೇ ಗದ್ದಲ. ಕೂಗು ನಿಂತಿಲ್ಲವೆಂಬ ಸಮಾಧಾನದ ಮರೆಯಲ್ಲಿ ಕೂಗುವವರು ಬದಲಾಗಿಬಿಟ್ಟಿದ್ದಾರೆ. ಜಗತ್ತಿನ ಉಭಯಚರ ಪ್ರಭೇದಗಳಲ್ಲಿ ನೂರಕ್ಕೆ 41ರಷ್ಟು ಅಳಿವಿನ ಅಂಚಿನಲ್ಲಿವೆಯೆಂದು 2023ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆ ತಿಳಿಸಿದಾಗ, ನನ್ನ ಕಣ್ಮುಂದೆ ಬಂದುದು ಆ ಬರಿಗೊಂಬೆಗಳೇ.

1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಕಣಿವೆಯ ತಳವನ್ನು ನುಂಗಿತು. ಮುಳುಗಡೆಯಿಂದ ಮೇಲುಳಿದ ಗುಡ್ಡಗಳಲ್ಲಿ ಎಷ್ಟೋ 1980ರಲ್ಲಿ ಕಾಗದದ ಕಾರ್ಖಾನೆಗೆ 40 ವರ್ಷಗಳ ಗೇಣಿಗೆ ಹೋದವು. 2015ರಲ್ಲಿ ಕಾರ್ಖಾನೆಯೇ ನಿಂತಿತು. 2020ರಲ್ಲಿ ಗೇಣಿಯ ಅವಧಿ ತೀರಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿಗರು ಒಕ್ಕೊರಲಿನಿಂದ ಬೇಡಿದರೂ ಗೇಣಿಯನ್ನು ಮುಂದುವರಿಸಲಾಯಿತು. ಕಾಗದವೇ ತಯಾರಾಗದ ಕಾರ್ಖಾನೆಯ ಹೆಸರಿನಲ್ಲಿ ನಮ್ಮ ಹಳ್ಳಗಳ ತಲೆಯನ್ನು ಒಣಗಿಸುವುದಕ್ಕೆ ಯಾವ ನ್ಯಾಯವಿದೆ?

ಕಡಿದ ತೋಪಿನಲ್ಲಿ ಪುನಃ ಅಕೇಶಿಯಾವನ್ನು ನೆಡದೆ, ಮೊದಲು ಹಳ್ಳಗಳ ಇಕ್ಕೆಲಗಳನ್ನಾದರೂ ರಾಮಪತ್ರೆ, ಹೈಗ, ಸುರಹೊನ್ನೆ, ನೇರಳೆಗಳಿಗೆ ಬಿಟ್ಟುಕೊಡಬೇಕು. ಕಾನನ್ನು ಅರಣ್ಯದ ಲೆಕ್ಕದಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಅದಕ್ಕೆ ಮುನ್ನ ಸಂಬಂಧಪಟ್ಟ ಅಧಿಕಾರಿಗಳು ಮುಂಗಾರಿನ ಮೊದಲ ವಾರಗಳಲ್ಲಿ, ಇರುಳು ಎಂಟರ ಮೇಲೆ, ಒಂದು ದಿನ ಕಾನಿನ ಹಳ್ಳದ ದಡದಲ್ಲಿಯೂ ಮರುದಿನ ತೋಪಿನ ಹಳ್ಳದ ದಡದಲ್ಲಿಯೂ ನಿಂತು, ಕೇಳಿಬಂದ ದನಿಗಳನ್ನು ಬರೆದುಕೊಳ್ಳಲಿ. ದೀಪ ಹಿಡಿದು ದಾರಿ ತೋರಿಸಲು ನಮ್ಮೂರಿನವರು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಇಕ್ಕೇರಿ ಸೀಮೆಯ ಒಬ್ಬ ಅಡಕೆ ಬೆಳೆಗಾರ