ಕರೆದೊಯ್ದು ತೋರಿಸಿದ ನೆರವು

ಬಾಹ್ಯ ನೆರವಿನ ಯೋಜನೆಗಳನ್ನು ಪತ್ರಕರ್ತರಿಗೆ ತೋರಿಸುವ ಪ್ರವಾಸಕ್ಕೆ ಒಂದು ಸಿದ್ಧ ಕ್ರಮವಿದೆ. ಬೆಳಿಗ್ಗೆ ವಾರ್ತಾ ಇಲಾಖೆಯ ಅಂಗಳದಿಂದ ವಾಹನ ಹೊರಡುತ್ತದೆ. ಕೈಗೊಂದು ಫೈಲು, ಒಂದು ಪೆನ್ನು, ನೀರಿನ ಬಾಟಲಿ. ಸ್ಥಳ ತಲುಪಿದರೆ ನಕ್ಷೆಯ ಪಕ್ಕದಲ್ಲಿ ಎಂಜಿನಿಯರ್ ಸಾಹೇಬರು ಕೋಲು ಹಿಡಿದು ಸಿದ್ಧ. ಮಾತನಾಡಬೇಕಾದ ಫಲಾನುಭವಿಗಳು ಯಾರೆಂಬುದು ಹಿಂದಿನ ದಿನವೇ ಗೊತ್ತಾಗಿರುತ್ತದೆ. ಊಟ ಮುಗಿಯುವ ಹೊತ್ತಿಗೆ ಪ್ರೆಸ್‌ನೋಟು ಕೈಸೇರುತ್ತದೆ, ಮರುದಿನ ಜಿಲ್ಲಾ ಪುಟದಲ್ಲಿ ಅದೇ ಯಶೋಗಾಥೆಯಾಗುತ್ತದೆ. ಪತ್ರಿಕೆಯ ತುಣುಕು ಸಾಲ ಕೊಟ್ಟವರ ಕಡತಕ್ಕೂ, ಸಾಲ ಪಡೆದವರ ಕಡತಕ್ಕೂ ಸೇರುತ್ತದೆ. ಇದಕ್ಕೆ 'ಸಾರ್ವಜನಿಕರಲ್ಲಿ ಅರಿವು ಮೂಡಿಸುವುದು' ಎಂದು ಹೆಸರು.

ಎಷ್ಟು ಅರಿವು ಮೂಡಿತು ಎಂದು ಕೇಳಲು ಈಗ ಕಾರಣವಿದೆ. 1961ರಲ್ಲಿ ಕೆನಡಿ ಕಾಲದಲ್ಲಿ ಹುಟ್ಟಿದ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಸ್ವತಂತ್ರ ಸಂಸ್ಥೆಯಾಗಿ ಉಳಿಯಲಿಲ್ಲ. ಧಾನ್ಯದ ಚೀಲದಿಂದ ಹಿಡಿದು ಔಷಧದ ಪೆಟ್ಟಿಗೆಯವರೆಗೆ 'ಅಮೆರಿಕದ ಜನರಿಂದ' ಎಂದು ಅಚ್ಚೊತ್ತಿ ಕಳಿಸಿದ ಸಂಸ್ಥೆ ಅದು. ಪ್ರಚಾರಕ್ಕೆ ಕೊರತೆಯಿರಲಿಲ್ಲ. ಆದರೆ ಆ ಅಮೆರಿಕದ ಜನರನ್ನೇ ಕೇಳಿದಾಗ, ತಮ್ಮ ಸರ್ಕಾರದ ವೆಚ್ಚದಲ್ಲಿ ಸುಮಾರು ಕಾಲುಭಾಗ ವಿದೇಶಿ ನೆರವಿಗೇ ಹೋಗುತ್ತದೆ ಎಂದು ಅವರು ಅಂದಾಜಿಸುತ್ತಾ ಬಂದಿದ್ದಾರೆ. ಅಲ್ಲಿನ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆ ಕೆಎಫ್‌ಎಫ್‌ನ ಸಮೀಕ್ಷೆಗಳು ಇದನ್ನು ಮತ್ತೆಮತ್ತೆ ದಾಖಲಿಸಿವೆ. ನಿಜವಾಗಿ ಹೋಗುವುದು ಶೇ 1ರ ಆಸುಪಾಸು. ತೆರಿಗೆ ಕಟ್ಟುವವನಿಗೆ ಮೂಲ ಲೆಕ್ಕವೇ ತಲುಪಿರಲಿಲ್ಲ ಎಂದಾಯಿತು.

ಪ್ರವಾಸ ಮಾಡಿಸುವುದನ್ನು ಎಲ್ಲರಿಗಿಂತ ಶ್ರದ್ಧೆಯಿಂದ ನಡೆಸಿದವರು ಜಪಾನೀಯರು. ಅದಕ್ಕೂ ಕಾರಣವಿತ್ತು. 1986ರಲ್ಲಿ ಫಿಲಿಪ್ಪೀನ್ಸಿನ ಮಾರ್ಕೋಸ್ ಪದಚ್ಯುತರಾದ ಮೇಲೆ ಹೊರಬಿದ್ದ ಕಾಗದಪತ್ರಗಳಿಂದ, ಜಪಾನಿನ ನೆರವಿನ ಗುತ್ತಿಗೆಗಳಲ್ಲಿ ಲಂಚ ಹರಿದಿತ್ತೆಂದು ಗೊತ್ತಾಗಿ ಜಪಾನಿನ ಸಂಸತ್ತಿನಲ್ಲೇ ಗದ್ದಲವಾಯಿತು. 1989ರಲ್ಲಿ ಜಪಾನ್ ಜಗತ್ತಿನ ಅತಿ ದೊಡ್ಡ ದಾನಿ ರಾಷ್ಟ್ರವಾಯಿತು. ಆರ್ಥಿಕತೆ ಮುಗ್ಗರಿಸಿದ ಮೇಲೆ, 1997ರಲ್ಲಿ ಶಿಖರ ಮುಟ್ಟಿದ್ದ ನೆರವಿನ ಬಜೆಟ್ ಕ್ರಮೇಣ ಅರ್ಧಕ್ಕೆ ಇಳಿಯಿತು. ಇಳಿಯುವಾಗಲೇ ಪತ್ರಕರ್ತರ ಪ್ರವಾಸಗಳು, ಸಾಮಾನ್ಯ ನಾಗರಿಕರನ್ನೇ ಯೋಜನಾ ಸ್ಥಳಗಳಿಗೆ ಕಳಿಸಿ ವರದಿ ಬರೆಸುವ ಕಾರ್ಯಕ್ರಮ, ಎಲ್ಲವೂ ನಡೆದವು. ನಾಗರಿಕರನ್ನು ಕಳಿಸಿದ್ದು ಒಳ್ಳೆಯ ಯೋಚನೆ ಎಂದೇ ನಮ್ಮ ಅಭಿಪ್ರಾಯ. ಆದರೂ ಬಜೆಟ್ಟಿನ ಇಳಿತ ನಿಲ್ಲಲಿಲ್ಲ.

ಜಪಾನೀಯರು ತಮ್ಮ ನೆರವಿನ ಬಗ್ಗೆ ನಿಜಕ್ಕೂ ತಲೆಕೆಡಿಸಿಕೊಂಡದ್ದು ಯಾರೂ ಕರೆದೊಯ್ಯದ ಜಾಗಗಳ ಸುದ್ದಿಯಿಂದ. ಸರ್ದಾರ್ ಸರೋವರ ಅಣೆಕಟ್ಟೆಯ ಟರ್ಬೈನುಗಳಿಗೆ ಜಪಾನ್ ಸಾಲ ಕೊಟ್ಟಿತ್ತು. ನರ್ಮದಾ ಕಣಿವೆಯ ಹೋರಾಟಗಾರರು ಟೋಕಿಯೊಗೇ ಹೋಗಿ ಮುಳುಗಡೆಯ ಕಥೆ ಹೇಳಿದ ಮೇಲೆ, 1990ರಲ್ಲಿ ಅದು ಮುಂದಿನ ಸಾಲದಿಂದ ಹಿಂದೆ ಸರಿಯಿತು. ಅದೇ ಅಣೆಕಟ್ಟೆಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕ್ ಪರಿಶೀಲನೆಗೆ ಮೋರ್ಸ್ ಸಮಿತಿಯನ್ನು ನೇಮಿಸಿತು, 1992ರ ಅದರ ವರದಿ ಬ್ಯಾಂಕಿಗೇ ಮುಜುಗರ ತಂದಿತು, 1993ರ ಮಾರ್ಚಿನಲ್ಲಿ ಭಾರತವೇ ಉಳಿದ ಸಾಲ ಬೇಡವೆಂದಿತು. ಈ ಯಾವ ಘಟ್ಟಕ್ಕೂ ಪ್ರೆಸ್‌ನೋಟು ಕಾರಣವಾಗಿರಲಿಲ್ಲ.

ನಮ್ಮಲ್ಲಿಗೆ ಬರೋಣ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ವಿಶ್ವಬ್ಯಾಂಕ್ ಸಾಲದ ನೆರವಿನಿಂದ ದಿನದ 24 ಗಂಟೆ ನೀರು ಕೊಡುವ ಪ್ರಾತ್ಯಕ್ಷಿಕೆ ವಲಯಗಳು 2008ರ ಸುಮಾರಿಗೆ ಶುರುವಾದವು. ವಾರಕ್ಕೊಮ್ಮೆ ನೀರು ಬರುತ್ತಿದ್ದ ಊರುಗಳಲ್ಲಿ ನಲ್ಲಿ ತಿರುವಿದಾಗೆಲ್ಲ ನೀರು ಎಂದರೆ ಸಣ್ಣ ಮಾತಲ್ಲ. ದೇಶದ ಉದ್ದಗಲದಿಂದ ಅಧಿಕಾರಿಗಳು, ಪಾಲಿಕೆ ಸದಸ್ಯರು, ವರದಿಗಾರರು ಬಂದು ನೋಡಿದರು. ಫೋಟೊಗೆ ಹೇಳಿ ಮಾಡಿಸಿದ ಯೋಜನೆ ಅದು: ಒಂದು ನಲ್ಲಿ, ಒಬ್ಬ ಗೃಹಿಣಿ, ಧಾರೆಯಾಗಿ ಸುರಿಯುವ ನೀರು. ಆ ಫೋಟೊ ಸುಳ್ಳಲ್ಲ. ಆದರೆ ಆ ವಲಯಗಳೊಳಗೆ ಇದ್ದದ್ದು ಊರಿನ ಹತ್ತರಲ್ಲಿ ಒಂದು ಪಾಲು ಜನ. ಉಳಿದ ಒಂಬತ್ತು ಪಾಲು ಜನ ಮತ್ತೂ ವರ್ಷಗಟ್ಟಲೆ ಕೊಡ ಹಿಡಿದು ಕಾದರು. ಹುಬ್ಬಳ್ಳಿ-ಧಾರವಾಡಕ್ಕೆ ವಿಸ್ತರಣೆಯ ಸಾಲ, 10 ಕೋಟಿ ಡಾಲರ್, ಮಂಜೂರಾದದ್ದು 2016ರಲ್ಲಿ.

ಅದಕ್ಕೂ ಮುಂಚೆ, 2015ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅವಳಿನಗರದ ಸುಮಾರು 4,000 ಮನೆಗಳ ಅಧ್ಯಯನ ಪ್ರಕಟಿಸಿದರು. 24 ಗಂಟೆ ಪೂರೈಕೆಯ ನೀರು ಹೆಚ್ಚು ಶುದ್ಧವಾಗಿತ್ತು. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಒಟ್ಟಾರೆ ಅತಿಸಾರ ಇಳಿದದ್ದು ಕಾಣಲಿಲ್ಲ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಯೋಜನೆಯಿಂದ ಯಾರಿಗೆ, ಎಷ್ಟು ಲಾಭ ಎಂಬುದಕ್ಕೆ ಇಷ್ಟು ನಿಖರವಾದ ಉತ್ತರ ಬರಲು ಮನೆಮನೆಗೆ ಮತ್ತೆಮತ್ತೆ ಹೋಗಬೇಕಾಯಿತು. ಒಂದು ಮಧ್ಯಾಹ್ನದ ಭೇಟಿಯಲ್ಲಿ ಇದು ಸಿಗುವಂಥದ್ದಲ್ಲ.

ಬೆಂಗಳೂರಿನ ಕಾವೇರಿ ಐದನೇ ಹಂತದ್ದು ಇನ್ನೊಂದು ಬಗೆ. 2018ರ ಜನವರಿಯಲ್ಲಿ ಜಪಾನಿನ ನೆರವು ಸಂಸ್ಥೆ ಜೈಕಾ ಜೊತೆ 4,500 ಕೋಟಿ ಯೆನ್ ಸಾಲದ ಒಪ್ಪಂದವಾಯಿತು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆ ನಡೆಯಿತು. ದಿನಕ್ಕೆ 77.5 ಕೋಟಿ ಲೀಟರ್, 110 ಹಳ್ಳಿಗಳಿಗೆ ನೀರು ಎಂಬ ಅಂಕಿಗಳು ಓದುಗರಿಗೆ ಬಾಯಿಪಾಠವಾಗಿವೆ. ಈ ಹಣ ಪುಕ್ಕಟೆಯಲ್ಲ, ಯೆನ್ ಸಾಲಗಳನ್ನು ದಶಕಗಳ ಕಾಲ ತೀರಿಸಬೇಕು, ಅದರ ಭಾರ ಕೊನೆಗೆ ನೀರಿನ ಬಿಲ್ಲಿನ ಮೇಲೋ ಬಜೆಟ್ಟಿನ ಮೇಲೋ ಕೂರುತ್ತದೆ ಎಂಬುದು ಎಷ್ಟು ವರದಿಗಳಲ್ಲಿತ್ತು? ಬಡ್ಡಿ, ಕಂತು, ವಿನಿಮಯ ದರದ ಹೊಣೆ ಯಾರದು ಎಂಬ ಪುಟ ಪ್ರವಾಸದ ಫೈಲಿನಲ್ಲಿ ಇರುವುದು ಅಪರೂಪ. ಇದ್ದರೂ ವಾಹನ ಹಿಂತಿರುಗುವಾಗ ಅದನ್ನು ಓದುವವರು ಇನ್ನೂ ಅಪರೂಪ, ಎಲ್ಲರಿಗೂ ನಿದ್ದೆ!

ಪ್ರವಾಸಗಳನ್ನು ನಿಲ್ಲಿಸಿಬಿಡಿ ಎಂದು ನಾವು ಹೇಳುತ್ತಿಲ್ಲ. ಸುದ್ದಿಯ ಲೆಕ್ಕದಲ್ಲಿ ಹಣ ಪಡೆಯುವ ತಾಲ್ಲೂಕು ವರದಿಗಾರನಿಗೆ ಸ್ವಂತ ಖರ್ಚಿನಲ್ಲಿ ನೂರಾರು ಕಿಲೋಮೀಟರ್ ಹೋಗಿ ಪಂಪ್‌ಹೌಸ್ ನೋಡುವ ಶಕ್ತಿಯಿಲ್ಲ, ಅವನ ಪತ್ರಿಕೆಯೂ ಕಳಿಸುವುದಿಲ್ಲ. ಇಲಾಖೆಯ ವಾಹನ ಇಲ್ಲದಿದ್ದರೆ ಅವನು ಅದನ್ನು ನೋಡುತ್ತಲೇ ಇರಲಿಲ್ಲ. ನಮ್ಮ ತಕರಾರು ಸಂಪಾದಕರ ಮೇಲೂ ಇದೆ: ಇಲಾಖೆಯ ವಾಹನದಲ್ಲಿ ಹೋಗಿ ಬರೆದ ವರದಿಗೆ, ಹಾಗೆ ಹೋಗಿದ್ದೆವು ಎಂಬ ಒಂದು ಸಾಲು ಕೊನೆಯಲ್ಲಿ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ದಾನಿ ಸಂಸ್ಥೆಗಳಿಂದ ಕೇಳಬೇಕಾದ್ದು ಎರಡು. ಸಾಲದ ಷರತ್ತುಗಳು ಫೈಲಿನ ಮೊದಲ ಪುಟದಲ್ಲಿರಲಿ. ಉದ್ಘಾಟನೆಯಾಗಿ ಐದು ವರ್ಷಕ್ಕೆ ಅದೇ ಸ್ಥಳಕ್ಕೆ ಇನ್ನೊಂದು ಪ್ರವಾಸ ಇರಲಿ, ಅಂದು ಯಾರ ಮನೆಗೆ ಹೋಗಬೇಕೆಂಬುದನ್ನು ವರದಿಗಾರರೇ ಆರಿಸಿಕೊಳ್ಳಲಿ. ಕಾವೇರಿ ಐದನೇ ಹಂತಕ್ಕೆ ಆ ದಿನ ಬರುವುದು 2029ರ ಅಕ್ಟೋಬರಿನಲ್ಲಿ. 110 ಹಳ್ಳಿಗಳ ಪಟ್ಟಿ ಇವತ್ತೇ ಸಿಗುತ್ತದೆ, ಹೋಗಿ ನೋಡುವುದಕ್ಕೆ ಆಹ್ವಾನಕ್ಕಾಗಿ ಕಾಯಬೇಕಿಲ್ಲ.