ಮಳೆಯ ಲೆಕ್ಕ ಪಂಚಾಯಿತಿ ಗೋಡೆಗೆ ಬರಲಿ

ಆಗಸ್ಟ್‌ನಲ್ಲಿ ಶಿವಗಂಗೆ ಬೆಟ್ಟದ ತುದಿ ಎಷ್ಟೋ ದಿನ ಮೋಡದೊಳಗೇ ಇರುತ್ತದೆ. ಕೆಳಗೆ ಸೋಂಪುರ ಹೋಬಳಿಯ ರಾಗಿ ಹೊಲಗಳಲ್ಲಿ ಕುಂಟೆ ಹೊಡೆದ ಮಣ್ಣು ಒಣಗಿಯೇ ಇರುತ್ತದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಮುಂಗಾರು ಗಾಳಿ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಇಳಿಸಿ ಇತ್ತ ಬರುತ್ತದೆ. ಉಳಿದ ತೇವ ಸುಮಾರು 1,368 ಮೀಟರ್ ಎತ್ತರದ ಈ ಕಲ್ಲುಬೆಟ್ಟಕ್ಕೆ ತಾಗಿ, ಮೇಲೇರಿ, ತಣಿದು ಮೋಡವಾಗುತ್ತದೆ. ಆದರೆ ಆ ಮೋಡ ತೆಳು. ಮೋಡದ ಹನಿಯ ಅಗಲ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಅಂಥ ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ನೆಲ ಮುಟ್ಟುವ ಒಂದು ಮಳೆಹನಿ. ತೆಳು ಮೋಡದಲ್ಲಿ ಅಷ್ಟು ಹನಿ ಕೂಡಿಕೊಳ್ಳಲು ಆಳವೂ ಸಾಲದು, ಹೊತ್ತೂ ಸಾಲದು. ಸೋನೆ ಉದುರಿಸಿ ಅದು ಮುಂದೆ ಸಾಗುತ್ತದೆ. ಏಪ್ರಿಲ್-ಮೇ, ಸೆಪ್ಟೆಂಬರ್-ಅಕ್ಟೋಬರ್‌ನ ಗುಡುಗು ಮೋಡದ ಸ್ವಭಾವವೇ ಬೇರೆ. ಬಿಸಿಲಿಗೆ ಕಾದ ಗಾಳಿ ಹತ್ತು ಹನ್ನೆರಡು ಕಿ.ಮೀ. ಎತ್ತರಕ್ಕೆ ನುಗ್ಗುತ್ತದೆ, ಕೆಲವೇ ಕಿ.ಮೀ. ಅಗಲದ ಮೋಡ ಗಂಟೆಯೊಳಗೆ ಸುರಿದು ಮುಗಿಯುತ್ತದೆ. ದಾಬಸ್‌ಪೇಟೆಯಲ್ಲಿ ಚರಂಡಿ ಉಕ್ಕಿದ ಸಂಜೆ ತ್ಯಾಮಗೊಂಡ್ಲುವಿನಲ್ಲಿ ಒಂದು ಹನಿಯೂ ಬಿದ್ದಿರಲಿಕ್ಕಿಲ್ಲ.

ಇಂಥ ಮಳೆಯ ಬಗ್ಗೆ ಜಿಲ್ಲೆಗೆಲ್ಲ ಒಂದೇ ಸಾಲಿನ ಮುನ್ಸೂಚನೆ ಕೊಟ್ಟು ಜನ ನಂಬಲಿ ಎಂದರೆ ಹೇಗೆ? ಹವಾಮಾನ ಇಲಾಖೆಯ ಭಾಷೆಯಲ್ಲಿ ‘ಒಂದೆರಡು ಕಡೆ ಮಳೆ’ ಎಂದರೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25ರಷ್ಟು ಕಡೆ ಎಂದು ಅರ್ಥ. ನೂರರಲ್ಲಿ 75 ಊರು ಒಣಗಿದ್ದರೂ ಆ ಮುನ್ಸೂಚನೆ ಸರಿಯೇ. ಇದನ್ನು ಯಾರೂ ರೈತರಿಗೆ ಬಿಡಿಸಿ ಹೇಳಿಲ್ಲ. ಹಾಗಾಗಿ ಆ 75 ಊರುಗಳಲ್ಲಿ ‘ಇವರು ಹೇಳಿದ್ದು ಯಾವತ್ತು ನಿಜವಾಗಿದೆ’ ಎಂಬ ಮಾತು ಹುಟ್ಟುತ್ತದೆ. ಈ ಅಪನಂಬಿಕೆಯ ಬೆಲೆ ದೊಡ್ಡದು. 2021ರ ನವೆಂಬರ್‌ನಲ್ಲಿ ದಕ್ಷಿಣ ಒಳನಾಡಿನಲ್ಲಿ ಬಿಡದೆ ಸುರಿದ ಮಳೆಗೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆಲಕಚ್ಚಿತು, ತೆನೆಯಲ್ಲೇ ಮೊಳಕೆ ಒಡೆಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತರುವ ಅಂಥ ಮಳೆ ನೂರಾರು ಕಿ.ಮೀ. ಹರಡಿರುತ್ತದೆ. ಅದನ್ನು ಎರಡು ಮೂರು ದಿನ ಮೊದಲೇ ಸಾಕಷ್ಟು ಖಚಿತವಾಗಿ ಹೇಳಬಹುದು. ಗುಡುಗು ಮಳೆ ಯಾವ ಊರಿಗೆ ಎಂದು ಹಿಂದಿನ ದಿನ ಹೇಳಲಾಗದು. ಎರಡೂ ಮುನ್ಸೂಚನೆಗಳು ಒಂದೇ ದನಿಯಲ್ಲಿ ಬರುವುದರಿಂದ, ಮೇ ತಿಂಗಳಲ್ಲಿ ಕಳೆದುಕೊಂಡ ನಂಬಿಕೆ ನವೆಂಬರ್‌ನಲ್ಲಿ, ಕೊಯ್ದು ಅರಿ ಬಿಟ್ಟ ರಾಗಿಯನ್ನು ಮೆದೆಗೆ ಸೇರಿಸಬೇಕಾದ ಹೊತ್ತಿನಲ್ಲಿ, ಕೈಕೊಡುತ್ತದೆ.

ಈ ನಂಬಿಕೆಯನ್ನು ಮರಳಿ ಗಳಿಸಲು ಬೇಕಾದದ್ದು ಬಹುಪಾಲು ನಮ್ಮಲ್ಲೇ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಸಂಸ್ಥೆಯೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕಗಳನ್ನು ಇಟ್ಟಿದೆ. ಲೆಕ್ಕ ತಾನಾಗಿಯೇ ಯಲಹಂಕದಲ್ಲಿರುವ ಕೇಂದ್ರದ ಕಚೇರಿಗೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪಂಚಾಯಿತಿ ಮಟ್ಟದ ಮುನ್ಸೂಚನೆ ಶುರುಮಾಡಿತು. 2025ರ ಮೇ ತಿಂಗಳಲ್ಲಿ ಬಂದ ಹೊಸ ಮುನ್ಸೂಚನಾ ಮಾದರಿ ದೇಶವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಅದಕ್ಕೆ ಮೊದಲು ಚೌಕ 12 ಕಿ.ಮೀ. ಇತ್ತು. ಇಷ್ಟಿದ್ದೂ ನಿನ್ನೆ ನಮ್ಮ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಎಂದರೆ ಊರಿನಲ್ಲಿ ಉತ್ತರ ಸಿಗುವುದು ಕಷ್ಟ. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಸಾಕು: ನಿನ್ನೆ ಹೇಳಿದ್ದೇನು, ಬಿದ್ದದ್ದೆಷ್ಟು, ನಾಳೆಗೆ ಹೇಳಿರುವುದೇನು. ಎರಡು ವರ್ಷ ಹೀಗೆ ಬರೆದರೆ ಯಾವ ತಿಂಗಳಿನ ಯಾವ ಬಗೆಯ ಮುನ್ಸೂಚನೆಯನ್ನು ಎಷ್ಟು ನಂಬಬೇಕೆಂದು ಊರೇ ತೀರ್ಮಾನಿಸುತ್ತದೆ.

ಮೊಬೈಲ್ ಇರುವಾಗ ಹಲಗೆ ಏಕೆ ಎನ್ನಬಹುದು. ಮೊಬೈಲ್ ನಾಳೆಯದನ್ನು ತೋರಿಸುತ್ತದೆ. ನಿನ್ನೆ ತಾನು ಹೇಳಿದ್ದನ್ನು ನೆನಪಿಸುವುದಿಲ್ಲ. ಮಳೆ ನಕ್ಷತ್ರಗಳ ಲೆಕ್ಕ ಸಾಲದೇ ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ಭರಣಿಯಿಂದ ಸ್ವಾತಿಯವರೆಗಿನ ಲೆಕ್ಕದಲ್ಲಿ ತಲೆಮಾರುಗಳ ಅನುಭವವಿದೆ. ಯಾವ ಹದಿನಾಲ್ಕು ದಿನಗಳಲ್ಲಿ ಯಾವ ಮಳೆ ನಿರೀಕ್ಷಿಸಬೇಕು, ಯಾವಾಗ ಬಿತ್ತಬೇಕು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ನಾಳೆ ಬುಧವಾರ ಕೊಯ್ಲಿಗೆ ಆಳು ಕರೆಯಬಹುದೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಒಂದು ಪಂಚಾಯಿತಿಗೆ ಒಂದೇ ಮಾಪಕ ಸಾಲದು, ಬೆಟ್ಟದ ಈ ಬದಿಯ ಮಳೆ ಆ ಬದಿಗಿಲ್ಲ ಎಂಬ ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಆದರೆ ಆ ಕೊರತೆ ಎದ್ದು ಕಾಣುವುದೂ ಅಂಕಿ ಬಹಿರಂಗವಾದಾಗಲೇ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದೂ ಮಳೆಯ ಅಂಕಿಗಳ ಮೇಲೆಯೇ. ಕೆಟ್ಟ ಮಾಪಕ ತಿಂಗಳುಗಟ್ಟಲೆ ಸೊನ್ನೆ ತೋರಿಸಿದರೆ ಮೊದಲು ಗೊತ್ತಾಗಬೇಕಾದದ್ದು ಆ ಊರಿನವರಿಗೆ.

ಹಲಗೆಗೆ, ಸುಣ್ಣದ ಕಡ್ಡಿಗೆ ಹೊಸ ಯೋಜನೆಯೇನೂ ಬೇಡ. ಶಿವಗಂಗೆಯವರು, ಸೋಂಪುರದವರು ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಮಾಪಕ ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂದು ಕೇಳಲಿ. ಅದರ ಅಂಕಿ ದಿನವೂ ಗೋಡೆಯ ಮೇಲೆ ಬರಬೇಕೆಂದು ನಿರ್ಣಯ ಬರೆಸಲಿ.